ಪೆಟ್ ಶಾಪ್ ಬಾಯ್ಸ್: ಪದೇ ಪದೇ ಕೇಳೋ ಪ್ರಶ್ನೆಗಳು

ಯಾರಪ್ಪಾ ಇವರು? ಚಿಕ್ಕದಾಗಿ ಹೇಳಿ.

ಇಂಗ್ಲೆಂಡಿನ ಇಬ್ಬರೇ ಇರೋ ಪಾಪ್ ಬ್ಯಾಂಡ್. ಹಾಡೋನು ನೀಲ್ ಟೆನೆಂಟ್, ಕೀಬೋರ್ಡ್ ಹಿಂದೆ ಕಲ್ಲುಕಂಬದ ಥರ ನಿಂತಿರೋನು ಕ್ರಿಸ್ ಲೋ. ಇಬ್ರೂ ಉತ್ತರ ಇಂಗ್ಲೆಂಡ್ ಕಡೆಯವರು. ನೀಲ್ ಹುಟ್ಟಿದ್ದು 1954ರಲ್ಲಿ ನಾರ್ತ್ ಶೀಲ್ಡ್ಸ್‌ನಲ್ಲಿ, ಕ್ರಿಸ್ 1959ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ. 1981ರಿಂದ ಜೊತೆಗಿದಾರೆ. ಜಗಳ ಆಡ್ಕೊಂಡು ಬೇರೆ ಆಗಿದ್ದು, ಒಬ್ಬರ ಮೇಲೊಬ್ಬರು ಕೇಸ್ ಹಾಕಿದ್ದು, ಹತ್ತು ವರ್ಷ ಬಿಟ್ಟು ದುಡ್ಡಿಗೋಸ್ಕರ ಮತ್ತೆ ಸೇರ್ಕೊಂಡಿದ್ದು, ಇಂಥ ಮಸಾಲೆ ಕಥೆ ಒಂದೂ ಇಲ್ಲ, ಅದಕ್ಕೇ ಇವರ ಮೇಲೆ ಸಿನಿಮಾ ಮಾಡೋಕೆ ಹೋದ್ರೆ ಕಷ್ಟ. ಬ್ರಿಟನ್‌ನ ಅತಿ ಯಶಸ್ವಿ ಜೋಡಿ ಅಂತ ಗಿನ್ನೆಸ್ ಪುಸ್ತಕದಲ್ಲೇ ಬಂದಿದೆ. ಅಂದಹಾಗೆ ನೀಲ್‌ಗೆ ಎಪ್ಪತ್ತು ದಾಟಿದೆ, ಆದ್ರೂ ಏಕವಚನದಲ್ಲಿ ಕರೀತಿದೀನಿ ಅಂತ ಬೇಜಾರಾಗ್ಬೇಡಿ, ಇಷ್ಟದ ಹಾಡುಗಾರರನ್ನ, ಕ್ರಿಕೆಟಿಗರನ್ನ ನಾವು ಹಂಗೇ ತಾನೇ ಕರೆಯೋದು.

ಪೆಟ್ ಶಾಪ್ ಅಂದ್ರೆ ನಾಯಿ, ಮೀನು ಮಾರೋ ಅಂಗಡಿ ಅಲ್ವಾ? ಅಲ್ಲಿ ಕೆಲಸ ಮಾಡ್ತಿದ್ರಾ?

ಇವರಲ್ಲ, ಇವರ ಸ್ನೇಹಿತರು. ಲಂಡನ್ನಿನ ಈಲಿಂಗ್‌ನಲ್ಲಿ ಅಂಥ ಅಂಗಡಿಲಿ ಕೆಲಸ ಮಾಡ್ತಿದ್ದ ಗೆಳೆಯರಿದ್ರು, ಅವರಿಂದ ಬಂದ ಹೆಸರು. ಅದಕ್ಕೂ ಮುಂಚೆ "ವೆಸ್ಟ್ ಎಂಡ್" ಅಂತ ಇಟ್ಕೊಂಡಿದ್ರು. 2009ರಲ್ಲಿ ಪ್ರಾಣಿದಯಾ ಸಂಘಟನೆ ಪೇಟಾದವರು ಹೆಸರು ಬದಲಾಯಿಸ್ಕೊಳ್ಳಿ, "ರೆಸ್ಕ್ಯೂ ಶೆಲ್ಟರ್ ಬಾಯ್ಸ್" ಅಂತ ಇಟ್ಕೊಳ್ಳಿ ಅಂತ ಕಾಗದ ಬರೆದಿದ್ರು. ಇವರು ಆಗಲ್ಲ ಅಂದ್ರು, ಆದ್ರೆ ನೀವು ಎತ್ತಿರೋ ವಿಷಯ ಯೋಚಿಸೋವಂಥದ್ದೇ ಅಂತ ಮರ್ಯಾದೆಯಿಂದಾನೇ ಹೇಳಿ ಕಳಿಸಿದ್ರು.

ಇಬ್ರೂ ಸಿಕ್ಕಿದ್ದು ಎಲ್ಲಿ?

1981ರ ಆಗಸ್ಟ್ 19, ಲಂಡನ್ನಿನ ಕಿಂಗ್ಸ್ ರೋಡ್‌ನಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿ. ನೀಲ್ ತನ್ನ ಸಿಂಥಸೈಜರ್‌ಗೆ ಒಂದು ವೈರ್ ಬೇಕು ಅಂತ ಹೋಗಿದ್ದ, ಕ್ರಿಸ್ ಅಲ್ಲೇ ನಿಂತಿದ್ದ, ಮಾತಿಗೆ ಮಾತು ಬೆಳೀತು, ಇಬ್ಬರಿಗೂ ಡ್ಯಾನ್ಸ್ ಮ್ಯೂಸಿಕ್ ಹುಚ್ಚು ಅಂತ ಗೊತ್ತಾಯ್ತು. ಒಂದು ವೈರ್‌ನಿಂದ ನಲವತ್ತು ವರ್ಷ ದಾಟಿದ ಸಂಬಂಧ.

ಆಗ ನೀಲ್ ಪುಸ್ತಕ, ಕಾಮಿಕ್ಸ್ ಎಡಿಟಿಂಗ್ ಕೆಲಸದಲ್ಲಿದ್ದ, ಮಾರ್ವೆಲ್ ಕಾಮಿಕ್ಸ್‌ನ ಬ್ರಿಟನ್ ಆಫೀಸಲ್ಲೂ ಇದ್ದೋನು. ಕ್ರಿಸ್ ಲಿವರ್‌ಪೂಲ್ ಯೂನಿವರ್ಸಿಟಿಲಿ ಆರ್ಕಿಟೆಕ್ಚರ್ ಓದ್ತಾ ಟ್ರೈನಿಂಗಿಗೆ ಅಂತ ಲಂಡನ್ನಿಗೆ ಬಂದಿದ್ದ. ಅವನು ಡಿಸೈನ್ ಮಾಡಿದ ಒಂದು ಮೆಟ್ಟಿಲು ಮಿಲ್ಟನ್ ಕೀನ್ಸ್ ಊರಲ್ಲಿದೆ, ಅಭಿಮಾನಿಗಳು ದೇವಸ್ಥಾನಕ್ಕೆ ಹೋದಂಗೆ ಅದನ್ನ ನೋಡೋಕೆ ಹೋಗ್ತಾರೆ, ತಮಾಷೆ ಅಲ್ಲ.

ನೀಲ್ ಪತ್ರಕರ್ತ ಆಗಿದ್ದ ಅಂತಾರಲ್ಲ, ನಿಜಾನಾ?

ನಿಜ. 1982ರಲ್ಲಿ ಸ್ಮ್ಯಾಶ್ ಹಿಟ್ಸ್ ಅನ್ನೋ ಪಾಪ್ ಪತ್ರಿಕೆ ಸೇರ್ದ, ಅಸಿಸ್ಟೆಂಟ್ ಎಡಿಟರ್ ಆದ. ಹದಿಹರೆಯದ ಹುಡುಗ್ರು ಹುಡ್ಗೀರು ಮುಗಿಬಿದ್ದು ಓದ್ತಿದ್ದ ಪತ್ರಿಕೆ ಅದು. ಯಾವ ಹಾಡು ಯಾಕೆ ಓಡುತ್ತೆ, ಯಾವ ಸ್ಟಾರ್ ಯಾವಾಗ ಬೀಳ್ತಾನೆ ಅಂತ ಒಳಗಿಂದಾನೇ ನೋಡಿದೋನು. 1985ರಲ್ಲಿ ಕೆಲಸ ಬಿಟ್ಟಾಗ, ಇನ್ನೇನು ಇವನ ಹಾಡು ಮಕಾಡೆ ಮಲಗುತ್ತೆ, ವಾಪಸ್ ಇಲ್ಲಿಗೇ ಬರ್ತಾನೆ ಅಂತ ಅದೇ ಪತ್ರಿಕೆ ಕಾಲೆಳೀತು. ವರ್ಷದೊಳಗೆ ಅದೇ ಪತ್ರಿಕೆ ಇವನ ಫೋಟೋ ಹಾಕ್ಬೇಕಾಯ್ತು.

ಇವರ ವೆಸ್ಟ್ ಎಂಡ್ ಗರ್ಲ್ಸ್ ಹಾಡು ಎರಡು ಸಲ ರಿಲೀಸ್ ಆಯ್ತಂತೆ, ಯಾಕೆ?

ಇದು ಸ್ವಲ್ಪ ಉದ್ದದ ಕಥೆ. 1983ರಲ್ಲಿ ಪತ್ರಿಕೆಯವರು ನೀಲ್‌ನ ನ್ಯೂಯಾರ್ಕಿಗೆ ಕಳಿಸಿದ್ರು, ದಿ ಪೊಲೀಸ್ ಬ್ಯಾಂಡಿನ ಸಂದರ್ಶನ ಮಾಡ್ಕೊಂಡು ಬಾ ಅಂತ. ಇವನ ತಲೇಲಿ ಇದ್ದಿದ್ದೇ ಬೇರೆ. ಅಲ್ಲಿ ಬಾಬಿ ಓ ಅಂತ, ಪೂರ್ತಿ ಹೆಸರು ಬಾಬಿ ಒರ್ಲ್ಯಾಂಡೋ, ಡಿಸ್ಕೋ ಪ್ರೊಡ್ಯೂಸರ್ ಇದ್ದ, ಈ ಇಬ್ಬರಿಗೂ ಅವನ ರೆಕಾರ್ಡ್ ಅಂದ್ರೆ ಪ್ರಾಣ. ಅವನ ಜೊತೆ ಚೀಸ್‌ಬರ್ಗರ್, ಕ್ಯಾರೆಟ್ ಕೇಕ್ ತಿಂತಾ ನೀಲ್ ಮೆತ್ತಗೆ ನಾವೂ ಹಾಡು ಮಾಡ್ತೀವಿ ಅಂದ, ಅವನು ಸರಿ ರೆಕಾರ್ಡ್ ಮಾಡೋಣ ಬಾ ಅಂದ. ಅಷ್ಟೇ. ಪೊಲೀಸ್ ನೋಡೋಕೆ ಹೋದೋನು ಪಾಪ್ ಸ್ಟಾರ್ ಆಗೋ ದಾರಿ ಹಿಡ್ಕೊಂಡು ವಾಪಸ್ ಬಂದ.

ಬಾಬಿ ಓ ಮಾಡಿದ ವರ್ಶನ್ 1984ರಲ್ಲಿ ಬಂತು. ಅಮೆರಿಕದ ಕೆಲವು ಕ್ಲಬ್‌ಗಳಲ್ಲಿ, ಬೆಲ್ಜಿಯಂನಲ್ಲಿ ಓಡ್ತು, ಇಂಗ್ಲೆಂಡಲ್ಲಿ ಯಾರೂ ಕ್ಯಾರೇ ಅನ್ಲಿಲ್ಲ. ಆಮೇಲೆ ಅವನ ಕಾಂಟ್ರ್ಯಾಕ್ಟಿಂದ ಬಿಡಿಸ್ಕೊಳ್ಳೋಕೆ ಮುಂದೆ ಬರೋ ರಾಯಲ್ಟಿಲಿ ಪಾಲು ಕೊಡ್ತೀವಿ ಅಂತ ಒಪ್ಕೊಂಡು, 1985ರಲ್ಲಿ ಪಾರ್ಲೊಫೋನ್ ಕಂಪನಿ ಸೇರಿದ್ರು. ಅಲ್ಲಿ ಮೊದಲ ಸಿಂಗಲ್ (ಒಂದೇ ಹಾಡಿಗೆ ಅಂತ ಬಿಡೋ ರೆಕಾರ್ಡ್) "ಆಪರ್ಚುನಿಟೀಸ್", ದುಡ್ಡು ಮಾಡೋದರ ಬಗ್ಗೆ ಹಾಡು, ಅದು ಬ್ರಿಟನ್ ಚಾರ್ಟಲ್ಲಿ, ಅಂದ್ರೆ ವಾರದ ಮಾರಾಟದ ಪಟ್ಟಿಲಿ, 116ನೇ ಜಾಗಕ್ಕೆ ಬಂದು ನಿಂತ್ಕೊಂಡ್ತು, ನಗು ಬರುತ್ತೆ. ಆಮೇಲೆ ಸ್ಟೀಫನ್ ಹೇಗ್ ಅನ್ನೋ ಪ್ರೊಡ್ಯೂಸರ್ ಜೊತೆ ವೆಸ್ಟ್ ಎಂಡ್ ಗರ್ಲ್ಸ್‌ನ ಮತ್ತೆ ಮಾಡಿದ್ರು, ವೇಗ ಕಮ್ಮಿ ಮಾಡಿದ್ರು, ಉಸಿರಾಡೋಕೆ ಜಾಗ ಬಿಟ್ರು. 1986ರ ಜನವರಿಲಿ ಬ್ರಿಟನ್‌ನಲ್ಲಿ ನಂಬರ್ ಒನ್, ಮೇ ತಿಂಗಳಲ್ಲಿ ಅಮೆರಿಕದಲ್ಲೂ ನಂಬರ್ ಒನ್. ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೆ ಬಂದಾಗ ನೀಲ್‌ಗೆ 31. ಪಾಪ್ ಲೆಕ್ಕದಲ್ಲಿ ಅಂಕಲ್ ವಯಸ್ಸು.

ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ, ಹೆಡ್‌ಫೋನ್ ಹಾಕ್ಕೊಂಡು. ಎರಡನೇದರ ಶುರುವಲ್ಲಿ ಮ್ಯೂಸಿಕ್ಕೇ ಇರಲ್ಲ, ರಸ್ತೆ ಸದ್ದು, ಯಾರೋ ಟಕ್ ಟಕ್ ಅಂತ ನಡ್ಕೊಂಡು ಹೋಗೋ ಸದ್ದು, ಆಮೇಲೆ ನಿಧಾನಕ್ಕೆ ಮಂಜು ಇಳಿದಂಗೆ ಕೀಬೋರ್ಡ್ ಬರುತ್ತೆ, ಅದರ ಕೆಳಗೆ ಬೇಸ್. ನೀಲ್ ಹಾಡಲ್ಲ, ಮಾತಾಡ್ತಾನೆ, ಪಕ್ಕದ ಸೀಟಲ್ಲಿ ಕೂತೋನು ಕಿವಿಲಿ ಹೇಳಿದಂಗೆ. ನಾನು ಎಷ್ಟೋ ಸಲ ಆ ಮೊದಲ ಅರ್ಧ ನಿಮಿಷ ಮಾತ್ರ ಕೇಳಿ ಮತ್ತೆ ಹಿಂದಕ್ಕೆ ಹೋಗಿದೀನಿ.

ಆ ಹಾಡಿನ ಅರ್ಥ ಏನು? ಹುಡುಗೀರ ಬಗ್ಗೆನಾ?

ವೆಸ್ಟ್ ಎಂಡ್ ಅಂದ್ರೆ ಲಂಡನ್ನಿನ ದುಡ್ಡಿರೋರ ಕಡೆ, ಥಿಯೇಟ್ರು, ಕ್ಲಬ್ಬು, ದೊಡ್ಡ ಅಂಗಡಿ. ಈಸ್ಟ್ ಎಂಡ್ ಅಂದ್ರೆ ಕೂಲಿ ಮಾಡೋರ ಕಡೆ. ಆ ಕಡೆ ಹುಡುಗ್ರು, ಈ ಕಡೆ ಹುಡ್ಗೀರು, ನಡುವೆ ಬಡವ-ಶ್ರೀಮಂತ ಅನ್ನೋ ಗೋಡೆ. ನ್ಯೂಯಾರ್ಕಿನ "ದಿ ಮೆಸೇಜ್" ಅನ್ನೋ ರ್‍ಯಾಪ್ ಹಾಡು ಕೇಳಿ, ನಮ್ಮೂರಿನ ಒತ್ತಡಾನೂ ಹಿಂಗೇ ಹೇಳ್ಬೋದಲ್ಲ ಅಂತ ಅನ್ನಿಸಿ ಬರೆದಿದ್ದು. ಟಿ.ಎಸ್. ಎಲಿಯಟ್‌ನ ದಿ ವೇಸ್ಟ್ ಲ್ಯಾಂಡ್ ಪದ್ಯದಲ್ಲಿ ಬೇರೆ ಬೇರೆ ದನಿಗಳು ಬಂದು ಹೋಗ್ತಾವಲ್ಲ, ಆ ನೆರಳೂ ಇದೆ. ಲೆನಿನ್ ಸ್ವಿಟ್ಜರ್ಲೆಂಡಿಂದ ರೈಲಲ್ಲಿ ರಷ್ಯಾಕ್ಕೆ ವಾಪಸ್ ಬಂದಿದ್ದು ಕೂಡ ಒಂದು ಸಾಲಲ್ಲಿ ಸುಳಿದು ಹೋಗುತ್ತೆ. ಡಿಸ್ಕೋಲಿ ಲೆನಿನ್! ಕುಣಿಯೋರಿಗೆ ಅದು ಗೊತ್ತಾಗದೇ ಇದ್ರೂ ಏನೂ ನಷ್ಟ ಇಲ್ಲ, ಗೊತ್ತಾದೋರಿಗೆ ಬೋನಸ್ಸು.

ಇಟ್ಸ್ ಅ ಸಿನ್ ಯಾಕೆ ಅಷ್ಟು ಗದ್ದಲದ ಹಾಡು?

ಗದ್ದಲ ಮಾಡೋಕೇ ಮಾಡಿದ್ದು ಅದು. ಗುಡುಗು, ಸಿಡಿಲು, ರಾಕೆಟ್ ಹಾರಿಸೋ ಮುಂಚಿನ ಕೌಂಟ್‌ಡೌನ್, ಎಲ್ಲಾ ಇದೆ. ನೀಲ್ ಓದಿದ್ದು ನ್ಯೂಕ್ಯಾಸಲ್‌ನ ಸೇಂಟ್ ಕತ್ಬರ್ಟ್ಸ್ ಅನ್ನೋ ಕ್ಯಾಥೊಲಿಕ್ ಸ್ಕೂಲಲ್ಲಿ, ಏನು ಮಾಡಿದ್ರೂ ಪಾಪ, ಏನು ಅಂದ್ಕೊಂಡ್ರೂ ಪಾಪ ಅಂತ ಬೆಳೆದ ಹುಡುಗನ ಸಿಟ್ಟು ಅದು. ಕೊನೇಲಿ ಸದ್ದೆಲ್ಲಾ ಇಳಿಯುವಾಗ ಲ್ಯಾಟಿನ್‌ನಲ್ಲಿ ಏನೋ ಗೊಣಗ್ತಾನೆ, ಕೇಳಿಸ್ಕೊಂಡಿದೀರಾ? ತಪ್ಪೊಪ್ಪಿಗೆ ಪ್ರಾರ್ಥನೆ ಅದು. ಅಂದ್ರೆ ಇಡೀ ಹಾಡಲ್ಲಿ ಚರ್ಚಿನ ಮೇಲೆ ಸಿಟ್ಟು ಮಾಡಿ, ಕೊನೆಗೆ ಬಾಯಿಪಾಠ ಆಗಿರೋ ಮಂತ್ರಾನೇ ಬಾಯಿಗೆ ಬರುತ್ತೆ. ಚಿಕ್ಕಂದಿನಲ್ಲಿ ಕಲಿತಿದ್ದು ಹೋಗಲ್ಲ ನೋಡಿ.

1987ರಲ್ಲಿ ಮೂರು ವಾರ ನಂಬರ್ ಒನ್. ವಿಡಿಯೋ ಮಾಡಿದ್ದು ಡೆರೆಕ್ ಜಾರ್ಮನ್, ದೊಡ್ಡ ಸಿನಿಮಾ ನಿರ್ದೇಶಕ. ಅದರಲ್ಲಿ ನೀಲ್ ಚರ್ಚಿನವರ ಧರ್ಮವಿಚಾರಣೆಗೆ ಸಿಕ್ಕಿಹಾಕ್ಕೊಂಡ ಕೈದಿ, ಕ್ರಿಸ್ ಜೈಲು ಕಾಯೋನು. ಕ್ಯಾಟ್ ಸ್ಟೀವನ್ಸ್ ಅನ್ನೋ ಗಾಯಕನ ಹಾಡು ಕದ್ದಿದಾರೆ ಅಂತ ಜೊನಾಥನ್ ಕಿಂಗ್ ಅನ್ನೋ ಸಂಗೀತ ಉದ್ಯಮದ ಮನುಷ್ಯ ಆರೋಪ ಮಾಡ್ದ, ಇವರು ಕೇಸ್ ಹಾಕಿ ಗೆದ್ರು, ಬಂದ ಪರಿಹಾರದ ದುಡ್ಡನ್ನ ದಾನ ಮಾಡಿದ್ರು. 2021ರಲ್ಲಿ ಬಂದ ಏಡ್ಸ್ ಕಾಲದ ಲಂಡನ್ ಕುರಿತ ಟಿವಿ ಸೀರೀಸ್‌ಗೆ ಈ ಹಾಡಿನ ಹೆಸರನ್ನೇ ಇಟ್ರು, ಹೊಸ ಪೀಳಿಗೆಯವರಿಗೆ ಈ ಹಾಡು ಗೊತ್ತಾಗಿದ್ದು ಹೆಚ್ಚಾಗಿ ಅಲ್ಲಿಂದಾನೇ.

ಕ್ರಿಸ್ ಏನೂ ಮಾಡಲ್ಲ, ಸುಮ್ನೆ ನಿಂತಿರ್ತಾನೆ. ಅವನು ಯಾಕೆ ಬೇಕು?

ಎಲ್ರೂ ಕೇಳೋ ಪ್ರಶ್ನೆ ಇದೇ, ನನಗೆ ಸ್ವಲ್ಪ ಉರಿಯೋದೂ ಇದಕ್ಕೇ. ಹಾಡಿನ ಟ್ಯೂನು, ಬೀಟ್‌ಗಳಲ್ಲಿ ಬಹಳಷ್ಟು ಶುರುವಾಗೋದೇ ಕ್ರಿಸ್ ಕೈಯಿಂದ. ಮಾತು ಬರೆಯೋದು ಹೆಚ್ಚಾಗಿ ನೀಲ್. ಟೋಪಿ, ಕೂಲಿಂಗ್ ಗ್ಲಾಸ್ ಹಾಕ್ಕೊಂಡು, ನಗದೇ, ಅಲ್ಲಾಡದೇ ನಿಂತ್ಕೊಳ್ಳೋದು ಬೇಕಂತ್ಲೇ. ಆ ಕಾಲದ ಟಿವಿಲಿ ಎಲ್ರೂ ಹಲ್ಲು ಕಿರಿದು ಕುಪ್ಪಳಿಸ್ತಿದ್ರೆ ಇವರಿಬ್ರು ಬಸ್ಸಿಗೆ ಕಾಯ್ತಿರೋರ ಥರ ನಿಂತ್ರು, ಎಲ್ರ ಕಣ್ಣು ಇವರ ಮೇಲೇ ಬಿತ್ತು. ಅವನ ದನಿ ಕೇಳ್ಬೇಕು ಅಂದ್ರೆ "ಪನಿನಾರೋ" ಹಾಕಿ, ಇಟಲಿಯ ಶೋಕಿ ಹುಡುಗರ ಗುಂಪಿನ ಬಗ್ಗೆ ಇರೋದು.

ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಯಾರು? ಅವರ ಜೊತೆ ಯಾಕೆ ಹಾಡಿದ್ರು?

ಅರವತ್ತರ ದಶಕದ ಬಹಳ ದೊಡ್ಡ ಗಾಯಕಿ. ಎಂಬತ್ತರ ಹೊತ್ತಿಗೆ ಜನ ಹೆಚ್ಚುಕಮ್ಮಿ ಮರೆತೇಬಿಟ್ಟಿದ್ರು. "ವಾಟ್ ಹ್ಯಾವ್ ಐ ಡನ್ ಟು ಡಿಸರ್ವ್ ದಿಸ್" ಹಾಡಿಗೆ ಬೇರೆ ಯಾರಾದ್ರೂ ಚಾಲ್ತಿಲಿರೋ ಹೆಸರು ಹಾಕ್ಕೊಳ್ಳಿ ಅಂತ ಒತ್ತಡ ಇದ್ರೂ ಇವರು ಡಸ್ಟೀನೇ ಬೇಕು ಅಂತ ಪಟ್ಟು ಹಿಡಿದ್ರು. 1987ರಲ್ಲಿ ಬಂತು, ಬ್ರಿಟನ್, ಅಮೆರಿಕ ಎರಡೂ ಕಡೆ ನಂಬರ್ ಎರಡು. ನೀಲ್ ಒಣ ದನಿಲಿ ಲೆಕ್ಕ ಒಪ್ಪಿಸ್ತಿರ್ತಾನೆ, ಮಧ್ಯ ಆಯಮ್ಮನ ದನಿ ಬಾಗಿಲು ತೆಗೆದಂಗೆ ಒಳಗೆ ಬರುತ್ತೆ ನೋಡಿ, ಆ ಜಾಗ! ಆಮೇಲೆ ಅವರಿಗೆ ಮತ್ತೆ ಹಿಟ್‌ಗಳು ಸಿಕ್ಕಿದ್ವು, 1990ರ ಅವರ ಆಲ್ಬಮ್ಮಿನ ಹಲವು ಹಾಡು ಇವರೇ ಮಾಡ್ಕೊಟ್ರು. ಅಮೆರಿಕದ ಗಾಯಕಿ, ನಟಿ ಲೈಜಾ ಮಿನೆಲ್ಲಿಗೂ 1989ರಲ್ಲಿ ಹಿಂಗೇ ಒಂದು ಆಲ್ಬಮ್ ಮಾಡಿದ್ರು.

ಆಲ್ವೇಸ್ ಆನ್ ಮೈ ಮೈಂಡ್ ಎಲ್ವಿಸ್ ಹಾಡಲ್ವಾ?

ಎಲ್ವಿಸ್ ಹಾಡಿದ್ದ, ವಿಲ್ಲಿ ನೆಲ್ಸನ್ನೂ ಹಾಡಿದ್ದ. ಎಲ್ವಿಸ್ ಸತ್ತು ಹತ್ತು ವರ್ಷ ಆಯ್ತು ಅಂತ 1987ರಲ್ಲಿ ಬ್ರಿಟನ್ ಟಿವಿಲಿ ಒಂದು ಕಾರ್ಯಕ್ರಮ, ಅದಕ್ಕೋಸ್ಕರ ಇವರು ಮಾಡಿದ್ದು. ಜನಕ್ಕೆ ಇಷ್ಟ ಆಗಿದ್ದೇ ರೆಕಾರ್ಡ್ ಮಾಡಿ ಬಿಟ್ರು, ಆ ವರ್ಷದ ಕ್ರಿಸ್‌ಮಸ್ ನಂಬರ್ ಒನ್ ಆಯ್ತು. ಬ್ರಿಟನ್‌ನಲ್ಲಿ ಕ್ರಿಸ್‌ಮಸ್ ವಾರ ಯಾವ ಹಾಡು ಮೊದಲು ಬರುತ್ತೆ ಅನ್ನೋದು ದೊಡ್ಡ ಪಂದ್ಯ, ಬೆಟ್ ಕೂಡ ಕಟ್ತಾರೆ. ಆ ಸಲ ಸೋತು ಎರಡನೇ ಜಾಗಕ್ಕೆ ಹೋಗಿದ್ದು "ಫೇರಿಟೇಲ್ ಆಫ್ ನ್ಯೂಯಾರ್ಕ್", ಇವತ್ತಿಗೂ ಪ್ರತಿ ಡಿಸೆಂಬರ್‌ನಲ್ಲಿ ಕೇಳೋ ಹಾಡು. ಅದರ ಅಭಿಮಾನಿಗಳು ಇನ್ನೂ ಇವರನ್ನ ಕ್ಷಮಿಸಿಲ್ಲ.

ಎಲ್ವಿಸ್ ಕ್ಷಮೆ ಕೇಳ್ತಾನೆ, ಅವನ ದನಿಲೇ ಪಶ್ಚಾತ್ತಾಪ ಇದೆ. ನೀಲ್ ಹಾಡಿದ್ರೆ, ಇವನಿಗೆ ನಿಜವಾಗ್ಲೂ ಬೇಜಾರಾಗಿದ್ಯಾ ಇಲ್ಲ ಹೇಳ್ಬೇಕಲ್ಲ ಅಂತ ಹೇಳ್ತಿದಾನಾ ಅಂತ ಡೌಟು ಬರುತ್ತೆ. ಮಾತು ಅದೇ, ಮನುಷ್ಯ ಬೇರೆ.

"ಇಂಪೀರಿಯಲ್ ಫೇಸ್" ಅಂದ್ರೇನು?

ನೀಲ್ ಹುಟ್ಟುಹಾಕಿದ ಮಾತು, ಈಗ ಎಲ್ಲಾ ವಿಮರ್ಶಕರೂ ಬಳಸ್ತಾರೆ. ಒಬ್ಬ ಕಲಾವಿದ ಮುಟ್ಟಿದ್ದೆಲ್ಲಾ ಚಿನ್ನ ಆಗೋ ಕಾಲ, ಚಕ್ರವರ್ತಿ ಕಾಲ ಅನ್ಕೊಳ್ಳಿ. ಇವರಿಗೆ ಅದು 1987–88. ಒಟ್ಟು ನಾಲ್ಕು ಬ್ರಿಟಿಷ್ ನಂಬರ್ ಒನ್‌ಗಳಲ್ಲಿ ಮೂರು ಆಗ್ಲೇ ಬಂದಿದ್ದು, ಕೊನೇದು 1988ರ "ಹಾರ್ಟ್" (ವಿಡಿಯೋಲಿ ನಟ ಇಯಾನ್ ಮೆಕೆಲನ್ ರಕ್ತ ಹೀರೋ ಡ್ರಾಕುಲಾ ಥರ ಬರ್ತಾನೆ, ನೋಡ್ಲೇಬೇಕು). ಅದರ ಹಿಂದೇನೇ ಬಂದ "ಡಾಮಿನೋ ಡ್ಯಾನ್ಸಿಂಗ್" ಏಳನೇ ಜಾಗಕ್ಕೆ ನಿಂತಾಗ, ಮುಗೀತು ನಮ್ಮ ರಾಜ್ಯಭಾರ ಅಂತ ಗೊತ್ತಾಗೋಯ್ತು ಅಂತಾನೆ. ಪತ್ರಿಕೆಲಿ ಬೇರೆಯವರ ಏಳುಬೀಳು ಬರೆದೋನು, ತನ್ನದನ್ನೂ ಅಷ್ಟೇ ತಣ್ಣಗೆ ಲೆಕ್ಕ ಹಾಕ್ದ.

ಅಭಿಮಾನಿಗಳಿಗೆಲ್ಲಾ ಬೀಯಿಂಗ್ ಬೋರಿಂಗ್ ಅಂದ್ರೆ ಯಾಕಷ್ಟು ಪ್ರೀತಿ? ಹಿಟ್ಟೇ ಆಗಿರ್ಲಿಲ್ವಲ್ಲ?

ಹೌದು, 1990ರಲ್ಲಿ ಬಂದಾಗ 20ನೇ ಜಾಗ ಅಷ್ಟೇ. ಚಾರ್ಟ್ ನೋಡಿ ಹಾಡು ಅಳೆಯೋರಿಗೆ ಇದೊಂದು ಹಾಡು ಸಾಕು ಉತ್ತರಕ್ಕೆ.

ಮೂರು ಚರಣ ಇದೆ. ಮೊದಲನೇದರಲ್ಲಿ ಹಳೇ ಫೋಟೋ, ಪಾರ್ಟಿ ಆಹ್ವಾನ ಪತ್ರ ಎಲ್ಲಾ ಒಟ್ಟಿಗೆ ಕೈಗೆ ಸಿಗುತ್ತೆ. ಎರಡನೇದರಲ್ಲಿ ಎಪ್ಪತ್ತರ ದಶಕದ ಹುಡುಗ ಬ್ಯಾಗ್ ಹಿಡ್ಕೊಂಡು ರೈಲ್ವೆ ಸ್ಟೇಷನ್ನಿಂದ ಊರು ಬಿಟ್ಟು ಹೊರಡ್ತಾನೆ. ಮೂರನೇದರಲ್ಲಿ ತೊಂಬತ್ತರ ದಶಕ, ಅವನು ಅಂದ್ಕೊಂಡಂಗೇ ದೊಡ್ಡವನಾಗಿದಾನೆ, ಆದ್ರೆ ಜೊತೆಲಿ ಇರ್ಬೇಕಾದೋರು ಕೆಲವರು ಇಲ್ಲ. ನೀಲ್‌ನ ಹಳೇ ಗೆಳೆಯ ಒಬ್ಬ ಏಡ್ಸ್‌ನಿಂದ ಸತ್ತಿದ್ದ, ಆ ನೋವಿಂದ ಬಂದ ಹಾಡು. ಏಡ್ಸ್ ಅನ್ನೋ ಪದ ಎಲ್ಲೂ ಇಲ್ಲ, ಸಾವು ಅಂತಾನೂ ಇಲ್ಲ. ಹಾಡ್ತಾ ದನಿ ನಡುಗಲ್ಲ, ಗಂಟಲು ಕಟ್ಟಲ್ಲ, ಬೀಟು ತನ್ನ ಪಾಡಿಗೆ ಹೋಗ್ತಿರುತ್ತೆ. ನಮ್ಮ ಕಡೆ ತಿಥಿ ಊಟದ ಮನೇಲಿ ಎಲ್ರೂ ಮಾತಾಡ್ಕೊಂಡು ಬಡಿಸ್ಕೊಂಡು ಇರುವಾಗ ಯಾರೋ ಒಬ್ರು ಎಲೆ ಲೆಕ್ಕ ಹಾಕ್ತಾ ಒಂದು ಎಲೆ ಜಾಸ್ತಿ ಹಾಕ್ಬಿಟ್ಟು ಸುಮ್ಮನಾಗ್ತಾರಲ್ಲ, ನನಗೆ ಆ ಮೂರನೇ ಚರಣ ಹಂಗೆ ಕೇಳುತ್ತೆ.

ಇವರ ಬಗ್ಗೆ ನನ್ನ ಇಡೀ ವಾದ ಇಷ್ಟೇ, ಇವರು ದನಿ ಎತ್ತರಿಸಲ್ಲ, ದುಃಖಾನ ಕುಣಿಯೋ ಹಾಡೊಳಗೆ ಬಚ್ಚಿಡ್ತಾರೆ, ಕುಣಿದು ಮನೆಗೆ ಬಂದು ಮಲಗಿದ ಮೇಲೆ ಅದು ನೆನಪಾಗುತ್ತೆ. ಈ ಹಾಡಿರೋ "ಬಿಹೇವಿಯರ್" ಆಲ್ಬಮ್ ಮ್ಯೂನಿಕ್‌ನಲ್ಲಿ ಹೆರಾಲ್ಡ್ ಫಾಲ್ಟರ್‌ಮೇಯರ್ ಅನ್ನೋ ಪ್ರೊಡ್ಯೂಸರ್ ಜೊತೆ ಮಾಡಿದ್ದು. ಇವರ ಕೆಲಸದಲ್ಲಿ ನನ್ನ ಪ್ರಕಾರ ಇದೇ ಮೊದಲು.

ಗೋ ವೆಸ್ಟ್ ಫುಟ್‌ಬಾಲ್ ಹಾಡಾ?

ಆಗಿದ್ದು ಆಮೇಲೆ. ಮೂಲ ಅಮೆರಿಕದ ಡಿಸ್ಕೋ ಗುಂಪು ವಿಲೇಜ್ ಪೀಪಲ್‌ದು, 1979. ಪಶ್ಚಿಮಕ್ಕೆ ಹೋಗೋಣ, ಅಲ್ಲಿ ನಮ್ಮ ಥರದೋರು, ಅಂದ್ರೆ ಗೇ ಜನ, ನೆಮ್ಮದಿಯಾಗಿ ಬದುಕ್ಬೋದು ಅಂತ, ಸ್ಯಾನ್ ಫ್ರಾನ್ಸಿಸ್ಕೋ ಕನಸು. ಡೆರೆಕ್ ಜಾರ್ಮನ್ 1992ರಲ್ಲಿ ಮ್ಯಾಂಚೆಸ್ಟರ್‌ನ ಹಸಿಯೆಂಡಾ ಕ್ಲಬ್ಬಲ್ಲಿ ಏಡ್ಸ್ ಸಹಾಯಾರ್ಥ ಒಂದು ಕಾರ್ಯಕ್ರಮಕ್ಕೆ ಕರೆದ, ಈ ಹಾಡು ಮಾಡೋಣ ಅಂದಿದ್ದು ಕ್ರಿಸ್. ಅಷ್ಟೊತ್ತಿಗೆ ಆ ಕನಸು ಕಂಡಿದ್ದೋರು ಎಷ್ಟೋ ಜನ ಕಾಯಿಲೆಗೆ ಹೋಗ್ಬಿಟ್ಟಿದ್ರು, ಖುಷಿ ಹಾಡು ಇದ್ದಕ್ಕಿದ್ದಂಗೆ ಶೋಕಗೀತೆ ಥರ ಕೇಳೋಕೆ ಶುರುವಾಯ್ತು. ಅದರ ಮೇಲೆ ಸೋವಿಯತ್ ಒಕ್ಕೂಟ ಆಗ ತಾನೇ ಬಿದ್ದಿತ್ತು, ವಿಡಿಯೋಲಿ ರೆಡ್ ಸ್ಕ್ವೇರ್ ಇಟ್ಟು ಪಶ್ಚಿಮಕ್ಕೆ ಹೋಗೋಣ ಅನ್ನೋದಕ್ಕೆ ಇನ್ನೊಂದು ಅರ್ಥ ಸೇರಿಸಿದ್ರು. 1993ರಲ್ಲಿ ಬ್ರಿಟನ್‌ನಲ್ಲಿ ಎರಡನೇ ಸ್ಥಾನ. ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ತಂಡದ ಅಭಿಮಾನಿಗಳು ಆ ಟ್ಯೂನಿಗೆ ತಮ್ಮ ಮಾತು ಹಾಕ್ಕೊಂಡು ಹಾಡೋಕೆ ಶುರು ಮಾಡಿದ್ರು, ಆಮೇಲೆ ಯುರೋಪಿನ ಸ್ಟೇಡಿಯಂಗಳಿಗೆಲ್ಲಾ ಹಬ್ಬಿತು.

ನಮ್ಮ ಮನೆಗೆ ಕೇಬಲ್ ಬಂದ ಹೊಸತರಲ್ಲಿ ನಾನು ಇವರನ್ನ ಮೊದಲು ನೋಡಿದ್ದು. ಆ ವರ್ಷದ್ದೇ ಇನ್ನೊಂದು ಹಾಡು, "ಕ್ಯಾನ್ ಯು ಫರ್ಗಿವ್ ಹರ್", ಕಿತ್ತಳೆ ಬಣ್ಣದ ಬಟ್ಟೆ, ತಲೆ ಮೇಲೆ ಉದ್ದಕ್ಕೆ ಚೂಪಾದ ಟೋಪಿ. ಅಜ್ಜಿ ಹುರುಳಿಕಾಯಿ ಸೋಸ್ತಾ ಕೂತಿದ್ರು, ತಲೆ ಎತ್ತಿ ನೋಡಿ "ಇದ್ಯಾವ ನಾಟಕ ಕಂಪ್ನಿಯೋ?" ಅಂದ್ರು. ಇದಕ್ಕಿಂತ ಸರಿಯಾದ ವಿಮರ್ಶೆ ಇವತ್ತಿನವರೆಗೂ ನಾನು ಓದಿಲ್ಲ.

ಆಲ್ಬಮ್ ಹೆಸರೆಲ್ಲಾ ಯಾಕೆ ಒಂದೊಂದೇ ಪದ?

ಅದು ಅವರ ಪದ್ಧತಿ. 15 ಸ್ಟುಡಿಯೋ ಆಲ್ಬಮ್, ಹದಿನೈದಕ್ಕೂ ಒಂದೇ ಪದ. ಮೊದಲನೇದು "ಪ್ಲೀಸ್", ಅಂಗಡಿಗೆ ಹೋಗಿ ಪೆಟ್ ಶಾಪ್ ಬಾಯ್ಸ್ ಆಲ್ಬಮ್ ಕೊಡಿ, ಪ್ಲೀಸ್ ಅಂತ ಕೇಳ್ಲಿ ಅಂತ. ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೆ ಹೋಗಿದ್ದು 1993ರ "ವೆರಿ" ಒಂದೇ, ಅದರ ಸಿ.ಡಿ. ಡಬ್ಬಿ ಕಿತ್ತಳೆ ಬಣ್ಣ, ಮೇಲೆಲ್ಲಾ ಉಬ್ಬು ಉಬ್ಬು, ಮಕ್ಕಳ ಆಟದ ಇಟ್ಟಿಗೆ ಥರ. ಕಪಾಟಲ್ಲಿ ಕಣ್ಣು ಮುಚ್ಕೊಂಡು ಕೈ ಹಾಕಿದ್ರೂ ಸಿಗ್ತಿತ್ತು.

ನೀಲ್ ಗೇ ಅಂತ ಮೊದಲಿಂದಾನೇ ಹೇಳಿದ್ನಾ?

ಇಲ್ಲ, 1994ರಲ್ಲಿ ಆಟಿಟ್ಯೂಡ್ ಪತ್ರಿಕೆ ಸಂದರ್ಶನದಲ್ಲಿ ಹೇಳ್ದ. ಹಾಡುಗಳನ್ನ ಗಮನ ಇಟ್ಟು ಕೇಳಿದ್ದೋರಿಗೆ ಅದು ಸುದ್ದೀನೇ ಆಗಿರ್ಲಿಲ್ಲ.

ತೊಂಬತ್ತರ ಆಮೇಲೆ ಏನು ಮಾಡಿದ್ರು? ಮುಗೀತು ಅಂದ್ಕೊಂಡಿದ್ದೆ.

ಬೇಗ ಬೇಗ ಹೇಳ್ತೀನಿ. 2001ರಲ್ಲಿ ಲಂಡನ್ ರಂಗಭೂಮಿಗೆ ಒಂದು ಸಂಗೀತ ನಾಟಕ. 2004ರಲ್ಲಿ ಟ್ರಫಾಲ್ಗರ್ ಸ್ಕ್ವೇರ್‌ನಲ್ಲಿ ಬ್ಯಾಟಲ್‌ಶಿಪ್ ಪೊಟೆಮ್ಕಿನ್ ಅನ್ನೋ ಹಳೇ ರಷ್ಯನ್ ಮೂಕಿಚಿತ್ರಕ್ಕೆ ತಾವೇ ಸಂಗೀತ ಮಾಡಿ, ಆರ್ಕೆಸ್ಟ್ರಾ ಜೊತೆ ಬಯಲಲ್ಲೇ ನುಡಿಸಿದ್ರು. 2006ರಲ್ಲಿ ಆಗಿನ ಬ್ರಿಟನ್ ಪ್ರಧಾನಿ ಬ್ಲೇರ್, ಅಮೆರಿಕ ಅಧ್ಯಕ್ಷ ಬುಷ್ ಇಬ್ಬರ ದೋಸ್ತಿ ಮೇಲೆ ಪ್ರೇಮಗೀತೆ ಥರ ಒಂದು ವ್ಯಂಗ್ಯದ ಹಾಡು. 2009ರಲ್ಲಿ ಬ್ರಿಟ್ ಪ್ರಶಸ್ತಿಯವರು ಜೀವಮಾನದ ಗೌರವ ಕೊಟ್ರು. 2011ರಲ್ಲಿ ಬ್ಯಾಲೆ, 2012ರಲ್ಲಿ ಲಂಡನ್ ಒಲಿಂಪಿಕ್ಸ್ ಸಮಾರೋಪದಲ್ಲಿ ವೆಸ್ಟ್ ಎಂಡ್ ಗರ್ಲ್ಸ್, 2014ರಲ್ಲಿ ಕಂಪ್ಯೂಟರ್ ವಿಜ್ಞಾನಿ ಅಲನ್ ಟ್ಯೂರಿಂಗ್ ಬಗ್ಗೆ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಒಂದು ಕೃತಿ. ಎಲ್ಲಾ ಆಲ್ಬಮ್ಮೂ ಚೆನ್ನಾಗಿದೆ ಅಂತ ಸುಳ್ಳು ಹೇಳಲ್ಲ, 2012ರ "ಎಲಿಸಿಯಮ್" ನನಗೆ ನಿದ್ದೆ ತರಿಸ್ತು, ಮುಂದಿನ ವರ್ಷಾನೇ ಪ್ರೊಡ್ಯೂಸರ್ ಸ್ಟುವರ್ಟ್ ಪ್ರೈಸ್ ಜೊತೆ "ಎಲೆಕ್ಟ್ರಿಕ್" ಮಾಡಿ ಬಡಿದೆಬ್ಬಿಸಿದ್ರು. 2022ರಲ್ಲಿ ಗ್ಲಾಸ್ಟನ್‌ಬರಿ ಸಂಗೀತ ಮೇಳ, 2024ರಲ್ಲಿ ಮತ್ತೆ ಪಾರ್ಲೊಫೋನ್‌ಗೆ ವಾಪಸ್ ಹೋಗಿ "ನಾನ್‌ದಲೆಸ್", ಬ್ರಿಟನ್‌ನಲ್ಲಿ ಎರಡನೇ ಸ್ಥಾನ.

ಹೊಸಬರು ಎಲ್ಲಿಂದ ಶುರು ಮಾಡೋದು?

1991ರ "ಡಿಸ್ಕೋಗ್ರಫಿ", ಆವರೆಗಿನ ಸಿಂಗಲ್‌ಗಳ ಸಂಗ್ರಹ, ಅದೊಂದು ಮೊದಲಿಂದ ಕೊನೆವರೆಗೆ ಕೇಳ್ಬಿಡಿ. ಆಮೇಲೆ "ಬಿಹೇವಿಯರ್". ರಾತ್ರಿ ಬಸ್ಸಲ್ಲಿ ಊರಿಗೆ ಹೋಗ್ತಿದ್ರೆ ಕಿಟಕಿ ಸೀಟ್ ಹಿಡಿದು "ಕಿಂಗ್ಸ್ ಕ್ರಾಸ್" ಕೇಳಿ, ಕೆಲಸ ಹುಡ್ಕೊಂಡು ಲಂಡನ್ ಸ್ಟೇಷನ್ನಲ್ಲಿ ಬಂದಿಳಿಯೋರ ಹಾಡು, ಮೆಜೆಸ್ಟಿಕ್‌ನಲ್ಲಿ ಬೆಳಗಿನ ಜಾವ ಬ್ಯಾಗ್ ಹಿಡ್ಕೊಂಡು ಇಳಿದಿರೋ ಯಾರಿಗೇ ಆದ್ರೂ ವಿವರಿಸ್ಬೇಕಾಗಿಲ್ಲ.

ಇಂಗ್ಲಿಷ್ ಹಾಡಿನ ಮಾತು ಅಷ್ಟು ಅರ್ಥ ಆಗಲ್ಲ, ಪರವಾಗಿಲ್ವಾ?

ಪರವಾಗಿಲ್ಲ. ಮೊದಲು ಕುಣೀರಿ.